ಸಣ್ಣ ಜೀವಕ್ಕೆ ಹಳೆಯ ಮಸೂರ

ಕೋಲಾರದ ಸೀಮೆಯನ್ನು ಹೊರಗಿನವರು ಬಲ್ಲುದು ಅದರ ದೊಡ್ಡ ವಸ್ತುಗಳಿಂದ: ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದು 2001ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿದ ಚಿನ್ನದ ಗಣಿಯಿಂದ, ಅಂತರಗಂಗೆಯ ಮತ್ತು ಆವನಿಯ ಶಿಲಾರಾಶಿಗಳಿಂದ, ಶ್ರೀನಿವಾಸಪುರದ ಕಣ್ಣು ಹಾಯುವಷ್ಟು ದೂರದ ಮಾವಿನ ತೋಪುಗಳಿಂದ, ಮಾಲೂರಿನ ಹೆಂಚು ಇಟ್ಟಿಗೆಗಳ ಗೂಡುಗಳಿಂದ. ಆದರೆ ಈ ಸೀಮೆಯ ಒಕ್ಕಲಿನ ಬಾಳು ಬಹುಮಟ್ಟಿಗೆ ನಿಂತಿರುವುದು ಬರಿಗಣ್ಣಿಗೆ ಕಂಡೂ ಕಾಣದಂತಿರುವ ಸಣ್ಣ ಜೀವಗಳ ನಡೆನುಡಿಯ ಮೇಲೆ. ರೇಷ್ಮೆಯ ಮೊಟ್ಟೆಯ ಗಾತ್ರ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. 1980ರಲ್ಲಿ ಕರ್ನಾಟಕವನ್ನು ಹೊಕ್ಕು ಹುಳುಮನೆಗಳಲ್ಲಿ ಹಾವಳಿಯೆಬ್ಬಿಸಿದ ಊಜಿ ನೊಣವು ಹುಳುವಿನ ಮೈಗೆ ಅಂಟಿಸಿ ಹೋಗುವ ಬಿಳಿಯ ಮೊಟ್ಟೆ ಅದಕ್ಕಿಂತಲೂ ಕಿರಿದು. ಮಾವಿನ ಹೂಗೊಂಚಲಿನ ರಸವನ್ನು ಹೀರಿ ಇಡೀ ತೋಪಿನ ಫಸಲನ್ನೇ ಕೆಡಿಸಬಲ್ಲ ಜಿಗಿಹುಳು ನಾಲ್ಕೈದು ಮಿಲಿಮೀಟರಿನದು. ಮುಳಬಾಗಿಲಿನ ಟೊಮ್ಯಾಟೊ ತೋಟದ ಎಲೆಯ ಅಡಿಯಲ್ಲಿ ಕುಳಿತ ಬಿಳಿನೊಣ ಒಂದು ಮಿಲಿಮೀಟರಿನ ಆಸುಪಾಸು. ಇವುಗಳ ಹೆಸರನ್ನು ಹೇಳದ ರೈತನಿಲ್ಲ. ಇವುಗಳ ಮುಖವನ್ನು ಕಂಡ ರೈತನೂ ವಿರಳ. ಈ ಮುಖಗಳನ್ನು ಸ್ಫುಟವಾಗಿ ತೋರಿಸಬಲ್ಲ ಕಲೆ ಒಂದುಂಟು. ಅದಕ್ಕೆ ಮ್ಯಾಕ್ರೋ ಛಾಯಾಗ್ರಹಣವೆಂದು ಹೆಸರು.

ಈ ಕಲೆಯಲ್ಲಿ ಆಸಕ್ತಿಯುಳ್ಳ ತರುಣರು ನಮ್ಮ ತಾಲ್ಲೂಕುಗಳಲ್ಲಿ ಕಡಮೆಯಿಲ್ಲ. ಅವರನ್ನು ಹಿಂದಕ್ಕೆ ತಳ್ಳುವುದು ಬೆಲೆ. ಹೊಸ ಮ್ಯಾಕ್ರೋ ಮಸೂರವೊಂದಕ್ಕೆ ಹಲವು ಹತ್ತು ಸಾವಿರ ರೂಪಾಯಿ ಬೇಕೆಂಬುದನ್ನು ಅಂಗಡಿಯಲ್ಲಿ ಕೇಳಿ, ಅದು ಉಳ್ಳವರ ಹವ್ಯಾಸವೆಂದು ತೀರ್ಮಾನಿಸಿ, ಮೊಬೈಲ್ ಫೋನಿಗೆ ಸಿಕ್ಕಿಸುವ ಅಗ್ಗದ ಗಾಜಿನಲ್ಲಿ ತೃಪ್ತಿಪಟ್ಟು ಸುಮ್ಮನಾಗುವವರೇ ಬಹಳ. ಈ ತೀರ್ಮಾನ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಸಣ್ಣದನ್ನು ದೊಡ್ಡದಾಗಿ ಹಿಡಿಯುವ ಕೆಲಸದಲ್ಲಿ ಹೊಸ ಉಪಕರಣಕ್ಕೂ ಹಳೆಯ ಉಪಕರಣಕ್ಕೂ ಇರುವ ಅಂತರ ಛಾಯಾಗ್ರಹಣದ ಬೇರಾವ ಶಾಖೆಗಿಂತಲೂ ಕಡಮೆ; ಕಾರಣವನ್ನು ತಿಳಿದವನು ನಿರ್ಭಯವಾಗಿ ಸೆಕೆಂಡ್ ಹ್ಯಾಂಡ್ ಮಾಲನ್ನು ಅರಸಿ ಹೊರಡಬಹುದು.

ಕಾರಣ ಹೀಗಿದೆ. ಹೊಸ ಮಸೂರದ ಬೆಲೆಯಲ್ಲಿ ಒಂದು ಪಾಲು ಸಲ್ಲುವುದು ತಾನಾಗಿಯೇ ಫೋಕಸ್ ಮಾಡುವ ಮೋಟಾರಿಗೆ, ಕೈನಡುಕವನ್ನು ತಡೆಯುವ ಯಂತ್ರಕ್ಕೆ, ಕ್ಯಾಮೆರಾದೊಡನೆ ಸಂಭಾಷಿಸುವ ವಿದ್ಯುತ್ ಸರಣಿಗೆ. ಓಡುವ ಆಟಗಾರನನ್ನೋ ಮದುವೆಯ ಮಂಟಪದ ಗಡಿಬಿಡಿಯನ್ನೋ ಹಿಡಿಯುವವನಿಗೆ ಇವು ಪ್ರಾಣಸಮಾನ. ಆದರೆ ಜೇಡದ ಕಣ್ಣನ್ನು ಹಿಡಿಯಹೊರಟವನು ಮಾಡುವುದೇನು? ಮಸೂರವನ್ನು ಬೇಕಾದ ಹಿಗ್ಗುವಿಕೆಗೆ ಒಮ್ಮೆ ನಿಲ್ಲಿಸಿಕೊಂಡು, ತನ್ನ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸುತ್ತ, ಕಣ್ಣು ಸ್ಫುಟವಾದ ಕ್ಷಣದಲ್ಲಿ ಗುಂಡಿಯೊತ್ತುತ್ತಾನೆ. ಆತನ ದೇಹವೇ ಫೋಕಸಿನ ಯಂತ್ರ. ಬೆಳಕನ್ನು ಒಳಬಿಡುವ ದ್ಯುತಿರಂಧ್ರವೂ ಒಂದೇ ಅಳತೆಯಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಬೆಳಕನ್ನು ಫ್ಲ್ಯಾಶ್ ಕೊಡುತ್ತದೆ. 2017ರಲ್ಲಿ ತೀರಿಕೊಂಡ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರ ಪೀಳಿಗೆಯ ವನ್ಯಜೀವಿ ಛಾಯಾಗ್ರಾಹಕರು ಫಿಲಂ ಕಾಲದಲ್ಲಿ, ಕೈಯಿಂದಲೇ ಫೋಕಸ್ ಮಾಡುವ ಮಸೂರಗಳಿಂದ ಜಗತ್ತು ಮೆಚ್ಚುವಂತಹ ಕೆಲಸ ಮಾಡಿದರೆಂಬುದನ್ನು ಇಲ್ಲಿ ನೆನೆಯಬೇಕು.

ಮ್ಯಾಕ್ರೋ ಎಂಬುದಕ್ಕೆ ಒಂದು ಖಚಿತವಾದ ಅಳತೆಯಿದೆ. ವಸ್ತುವಿನ ನಿಜವಾದ ಗಾತ್ರವೂ ಕ್ಯಾಮೆರಾದೊಳಗಿನ ಸಂವೇದಕದ ಮೇಲೆ ಬೀಳುವ ಅದರ ಬಿಂಬದ ಗಾತ್ರವೂ ಸಮನಾದರೆ ಅದು 1:1. ಬಿಂಬವು ಅರ್ಧದಷ್ಟಿದ್ದರೆ 1:2. ಸಾಧಾರಣ ಕ್ಯಾಮೆರಾದೊಡನೆ ಬರುವ 18ರಿಂದ 55 ಮಿ.ಮೀ.ವರೆಗಿನ ಕಿಟ್ ಮಸೂರವು ಎಷ್ಟೇ ಹತ್ತಿರ ಹೋದರೂ ಸುಮಾರು ಮೂರರಲ್ಲೊಂದು ಪಾಲಿಗೆ ನಿಂತುಬಿಡುತ್ತದೆ. ಆಗ ಐದು ಮಿಲಿಮೀಟರಿನ ಜಿಗಿಹುಳುವಿನ ಬಿಂಬ, ಇಪ್ಪತ್ತೆರಡು ಮಿಲಿಮೀಟರಿಗೂ ಹೆಚ್ಚು ಅಗಲದ ಸಂವೇದಕದ ಮೇಲೆ, ಒಂದೂವರೆ ಮಿಲಿಮೀಟರಿಗೆ ತುಸು ಮಿಕ್ಕಿದ ಚುಕ್ಕೆಯಾಗಿ ಬೀಳುತ್ತದೆ. 1:1ಕ್ಕೆ ಏರಿದರೆ ಅದೇ ಹುಳು ಚಿತ್ರದ ಅಗಲದಲ್ಲಿ ಐದರಲ್ಲೊಂದು ಪಾಲನ್ನು ಆಕ್ರಮಿಸುತ್ತದೆ. ಎರಡರಷ್ಟಾದರೆ ಅದರ ಕಣ್ಣು, ಕಾಲಿನ ಮುಳ್ಳು, ರೆಕ್ಕೆಯ ನರ ಎಲ್ಲವೂ ಓದಿಕೊಳ್ಳಬಹುದಾದಷ್ಟು ಬಿಡಿಬಿಡಿಯಾಗುತ್ತವೆ. ನಾವು ಹಣ ಕೊಡಬೇಕಾದುದು ಈ ಮೂರರಲ್ಲೊಂದರಿಂದ ಒಂದಕ್ಕೆ, ಒಂದರಿಂದ ಎರಡಕ್ಕೆ ಏರುವ ಉಪಾಯಕ್ಕಾಗಿ.

ಆ ಉಪಾಯಗಳಲ್ಲಿ ಅತ್ಯಂತ ಸರಳವಾದುದು ಮಸೂರವನ್ನು ಕ್ಯಾಮೆರಾದಿಂದ ದೂರ ಸರಿಸುವುದು. ಮಸೂರದ ಸಂಗಮದೂರ (ಫೋಕಲ್ ಲೆಂಗ್ತ್) 50 ಮಿ.ಮೀ. ಇದ್ದು, ಅದನ್ನು ಇನ್ನೂ 50 ಮಿ.ಮೀ. ಮುಂದಕ್ಕೆ ತಂದರೆ ಬಿಂಬ 1:1 ಆಗುತ್ತದೆ, 25 ಮಿ.ಮೀ. ತಂದರೆ 1:2. ಲೆಕ್ಕ ಇಷ್ಟೇ: ಸರಿಸಿದ ದೂರವನ್ನು ಸಂಗಮದೂರದಿಂದ ಭಾಗಿಸುವುದು. ಈ ಸರಿಸುವ ಕೆಲಸಕ್ಕೆಂದೇ ಇರುವ ಎಕ್ಸ್‌ಟೆನ್ಷನ್ ಟ್ಯೂಬುಗಳು ಟೊಳ್ಳಾದ ಉಂಗುರಗಳು. ಒಳಗೆ ಗಾಜಿಲ್ಲ, ಆದುದರಿಂದ ಬೂಷ್ಟು ಹಿಡಿಯಲು, ಗೀರು ಬೀಳಲು, ಮಬ್ಬಾಗಲು ಏನೂ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಇದಕ್ಕಿಂತ ನಿಶ್ಚಿಂತೆಯ ವಸ್ತು ಮತ್ತೊಂದಿರಲಾರದು. ವಿದ್ಯುತ್ ಸಂಪರ್ಕವಿಲ್ಲದ ಸಾದಾ ಟ್ಯೂಬುಗಳು ಕೆಲವೇ ನೂರು ರೂಪಾಯಿಗೆ ಹೊಸದಾಗಿಯೇ ದೊರಕುತ್ತವೆ. ಹಿತ್ತಾಳೆಯ ಮೊಗವುಳ್ಳವನ್ನು ಆರಿಸಿಕೊಳ್ಳತಕ್ಕದ್ದು, ಏಕೆಂದರೆ ಪೂರ್ತಿ ಪ್ಲಾಸ್ಟಿಕ್ಕಿನದಾದರೆ ಭಾರದ ಮಸೂರವನ್ನು ಹೊತ್ತು ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತದೆ. ಟ್ಯೂಬಿನ ಬದಲಿಗೆ ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಬಹುದಾದ, ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಬೆಲ್ಲೋಸ್ ಎಂಬುದೂ ಉಂಟು. ಕೊಳ್ಳುವ ಮುನ್ನ ಅದನ್ನು ಪೂರ್ತಿ ಹಿಗ್ಗಿಸಿ, ಕತ್ತಲೆಯ ಕೋಣೆಯಲ್ಲಿ ಒಳಗಿನಿಂದ ಟಾರ್ಚು ಬಿಟ್ಟು, ಮಡಿಕೆಗಳಲ್ಲಿ ಸೂಜಿಮೊನೆಯಷ್ಟು ಬೆಳಕಾದರೂ ಹೊರಬರುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಎರಡನೆಯ ಉಪಾಯ ಕೇಳುವುದಕ್ಕೆ ವಿಚಿತ್ರವಾದರೂ ಶಾಸ್ತ್ರಸಮ್ಮತವಾದುದು: ಮಸೂರವನ್ನು ತಿರುವುಮುರುವಾಗಿ ಕ್ಯಾಮೆರಾಕ್ಕೆ ಜೋಡಿಸುವುದು. ಸಾಮಾನ್ಯ ಮಸೂರವನ್ನು ನಿರ್ಮಿಸಿದವರು ಅದರ ಮುಂದಿನ ಪಕ್ಕವು ದೂರದ ವಸ್ತುವನ್ನೂ ಹಿಂದಿನ ಪಕ್ಕವು ಹತ್ತಿರದ ಬಿಂಬವನ್ನೂ ಎದುರಿಸುವುದೆಂದು ಭಾವಿಸಿ ಗಾಜುಗಳನ್ನು ತಿದ್ದಿರುತ್ತಾರೆ. ಬಿಂಬವು ವಸ್ತುವಿಗಿಂತ ದೊಡ್ಡದಾದಾಗ ಈ ಸಂಬಂಧವೇ ಅದಲುಬದಲಾಗುತ್ತದೆ. ಆಗ ಮಸೂರವನ್ನೂ ತಿರುಗಿಸಿಬಿಟ್ಟರೆ ಗಾಜು ತಾನು ಹುಟ್ಟಿದ ಉದ್ದೇಶಕ್ಕೆ ಮರಳಿ ಒದಗುತ್ತದೆ. 50 ಮಿ.ಮೀ. ಮಸೂರವನ್ನು ತಿರುಗಿಸಿದರೆ ಸುಮಾರು 1:1 ಬರುತ್ತದೆ, 28 ಮಿ.ಮೀ.ನದನ್ನು ತಿರುಗಿಸಿದರೆ ಎರಡರಷ್ಟಕ್ಕೂ ಮೀರುತ್ತದೆ. ಬೇಕಾದುದು, ಮಸೂರದ ಮೂತಿಯ ಅಳತೆಗೆ ಹೊಂದುವ ಒಂದು ರಿವರ್ಸ್ ರಿಂಗ್. ಅದರ ಬೆಲೆ ಒಂದು ಹೊತ್ತಿನ ಹೋಟೆಲ್ ಊಟದ ಮಟ್ಟದಿಂದ ಬಹಳ ಮೇಲೇನೂ ಇಲ್ಲ. ಈ ಉಪಾಯಕ್ಕೆ ದ್ಯುತಿರಂಧ್ರವನ್ನು ಕೈಯಿಂದ ತಿರುಗಿಸುವ ಉಂಗುರವುಳ್ಳ ಹಳೆಯ ಮಸೂರವೇ ಹೊಸದಕ್ಕಿಂತ ಯೋಗ್ಯ, ಹೊಸದು ಅಯೋಗ್ಯವೆಂದರೂ ತಪ್ಪಿಲ್ಲ. ಕ್ಯಾನನ್ ಇಎಫ್ ಮಸೂರವು ಕ್ಯಾಮೆರಾದ ಸಂಪರ್ಕ ತಪ್ಪಿದೊಡನೆ ಪೂರ್ತಿ ತೆರೆದುಕೊಂಡೇ ಇರುತ್ತದೆ. ನಿಕಾನಿನ ಜಿ ಮಾದರಿಯದು ಪೂರ್ತಿ ಮುಚ್ಚಿಕೊಳ್ಳುವುದರಿಂದ, ಹಿಂಬದಿಯ ಸಣ್ಣ ಸನ್ನೆಯನ್ನು ಕಾಗದದ ಚೂರಿನಿಂದ ತಡೆದು ನಿಲ್ಲಿಸಬೇಕಾಗುತ್ತದೆ. ಉಂಗುರವಿದ್ದ ಹಳೆಯದರಲ್ಲಿ ರಂಧ್ರದ ಅಳತೆ ಎಫ್ 8 ಬೇಕೆಂದರೆ ಎಫ್ 8ಕ್ಕೆ ತಿರುಗಿಸಿದರಾಯಿತು. ಒಂದು ಎಚ್ಚರಿಕೆ ಮಾತ್ರ ಅವಶ್ಯ: ತಿರುಗಿಸಿದ ಮಸೂರದ ಹಿಂದಿನ ಗಾಜು ಹೊರಮುಖವಾಗಿ, ನಮ್ಮ ಬಯಲಿನ ಕೆಂಧೂಳಿಗೆ ತೆರೆದಿರುತ್ತದೆ, ಹುಳುವಿಗೂ ಅದಕ್ಕೂ ನಡುವೆ ಉಳಿಯುವ ಅಂತರ ಮೂರು ನಾಲ್ಕು ಬೆರಳಗಲ.

ಇಂತಹ ಮಸೂರಗಳು ಎಲ್ಲಿವೆ? ನಮ್ಮ ಊರಿನಲ್ಲಿಯೇ ಇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಪಟ್ಟಣಗಳ ಪೇಟೆಬೀದಿಗಳಲ್ಲಿ, ಬಸ್ ನಿಲ್ದಾಣಗಳ ಆಚೀಚೆ, ತಾಲ್ಲೂಕು ಕಚೇರಿಗಳ ಎದುರಿನಲ್ಲಿ ಫೋಟೋ ಸ್ಟುಡಿಯೋಗಳಿವೆ; ಅವುಗಳಲ್ಲಿ ಹಳೆಯವು ಫಿಲಂ ಕಾಲದಿಂದ ಬಂದವು. ಈ ಶತಮಾನದ ಮೊದಲ ದಶಕದಲ್ಲಿ ಡಿಜಿಟಲ್ ಕ್ಯಾಮೆರಾಗಳು ಬಂದು ಡಾರ್ಕ್ ರೂಮಿನ ಬಾಗಿಲನ್ನು ಮುಚ್ಚಿಸಿದಾಗ, ಅದರೊಳಗಿದ್ದ ಎನ್‌ಲಾರ್ಜರ್, ಕೈಫೋಕಸಿನ 50 ಮಿ.ಮೀ. ಮಸೂರ, ಒಂದು 28, ಒಂದು 135, ಹಳೆಯ ಫ್ಲ್ಯಾಶ್ ಇವೆಲ್ಲ ಮಾರಲು ಗಿರಾಕಿಯಿಲ್ಲದೆ, ಎಸೆಯಲು ಮನಸ್ಸು ಬಾರದೆ ಅಟ್ಟವನ್ನೋ ಬೀರುವನ್ನೋ ಸೇರಿದವು. ಯಾಶಿಕಾ, ಪೆಂಟಾಕ್ಸ್, ಸೋವಿಯತ್ ದೇಶದಿಂದ ಬಂದ ಜೆನಿತ್, ಅದರೊಡನೆ ಬಂದ ಹೀಲಿಯಾಸ್ 58 ಮಿ.ಮೀ. ಮಸೂರ, ಹೀಗೆ ಒಂದು ಕಾಲದ ಸಂಪಾದನೆಯ ಸಾಧನಗಳು ಆಯುಧಪೂಜೆಯ ದಿನ ಹೊರಬಂದು ಕುಂಕುಮವನ್ನು ಧರಿಸಿ ಮತ್ತೆ ಒಳಗೆ ಹೋಗುವುದನ್ನು ಈಗಲೂ ಕಾಣಬಹುದು.

ಎನ್‌ಲಾರ್ಜರಿನ ಮಸೂರದ ವಿಷಯವನ್ನು ಇಲ್ಲಿ ತುಸು ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ಈ ಬೀರುಗಳಲ್ಲಿರುವ ಸಾಮಗ್ರಿಯಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದೂ ಅತ್ಯಂತ ಉಪೇಕ್ಷಿತವಾದದ್ದೂ ಅದೇ. ಅಂಚೆಚೀಟಿಯಷ್ಟು ನೆಗೆಟಿವನ್ನು ಗೋಡೆಗೆ ತೂಗುಹಾಕುವ ಚಿತ್ರವನ್ನಾಗಿ ಹಿಗ್ಗಿಸುವುದಕ್ಕೆಂದೇ ಅದು ನಿರ್ಮಿತವಾದುದು. ಮೂಲೆಯಿಂದ ಮೂಲೆಯವರೆಗೂ ಒಂದೇ ಸಮನಾದ ಸ್ಫುಟತೆ, ಹತ್ತಿರದ ಅಂತರದಲ್ಲಿ ನಿಖರತೆ, ಸಮತಲವಾದ ಬಿಂಬ, ಇವೇ ಅದರ ಧರ್ಮ. ಇವೇ ಮ್ಯಾಕ್ರೋ ಮಸೂರದ ಧರ್ಮವೂ ಹೌದು. 35 ಮಿ.ಮೀ. ಫಿಲಮ್ಮಿಗೆ 50 ಮಿ.ಮೀ. ಮಸೂರವನ್ನೂ, 120 ಫಿಲಮ್ಮಿನ ಆರು ಸೆಂಟಿಮೀಟರ್ ಚೌಕದ ನೆಗೆಟಿವಿಗೆ 75 ಅಥವಾ 80 ಮಿ.ಮೀ.ನದನ್ನೂ ಸ್ಟುಡಿಯೋದವರು ಬಳಸುತ್ತಿದ್ದರು. ನಿಕಾನ್ ಕಂಪನಿಯ ಇಎಲ್-ನಿಕ್ಕಾರ್ 50 ಮಿ.ಮೀ. ಎಫ್ 2.8 ಇವುಗಳಲ್ಲಿ ಪ್ರಸಿದ್ಧವಾದುದು. ಸಾಮಾನ್ಯವಾಗಿ ಇವಕ್ಕೆ 39 ಮಿ.ಮೀ. ಅಗಲದ ತಿರುಪು ಇರುತ್ತದೆ. ಅದಕ್ಕೊಂದು ಅಡಾಪ್ಟರ್ ಉಂಗುರವನ್ನು ಹಾಕಿ ಟ್ಯೂಬಿಗೋ ಬೆಲ್ಲೋಸಿಗೋ ಜೋಡಿಸಿದರೆ ಕೆಲಸ ನಡೆಯಿತು. ಈ ಮಸೂರಕ್ಕೆ ತನ್ನದೇ ಆದ ಫೋಕಸ್ ಸುತ್ತು ಇಲ್ಲವೆಂಬುದು ಕೊರತೆಯಲ್ಲ. ಫೋಕಸನ್ನು ನಾವು ಮೈಯಿಂದಲೇ ಮಾಡುವವರಷ್ಟೆ.

ಕೇಳುವ ಬಗೆಯೂ ಮುಖ್ಯ. ಗುಜರಿಯವನಂತೆ ಹೋಗಿ ತೂಕದ ಬೆಲೆಗೆ ಕೇಳಿದರೆ ಸ್ಟುಡಿಯೋದ ಹಿರಿಯರು ಬೀರುವಿನ ಬೀಗವನ್ನು ತೆಗೆಯಲಾರರು, ತೆಗೆಯಬಾರದು ಕೂಡ. ಆ ಎನ್‌ಲಾರ್ಜರಿನ ಕೆಂಪು ದೀಪದ ಕೆಳಗೆ ಅವರ ಯೌವನ ಕಳೆದಿದೆ, ಮನೆಯವರ ಅನ್ನ ಹುಟ್ಟಿದೆ. “ಅಣ್ಣಾ, ಹಳೇ ಎನ್‌ಲಾರ್ಜರ್ ಲೆನ್ಸ್ ಏನಾದ್ರೂ ಇಟ್ಟಿದ್ದೀರಾ? ಹುಳದ ಫೋಟೋ ತೆಗೆಯೋಕೆ ಬೇಕಿತ್ತು” ಎಂದು ಉದ್ದೇಶವನ್ನು ಮೊದಲೇ ಹೇಳಿ, ಕನ್ನಡದಲ್ಲೋ ಈ ಗಡಿಸೀಮೆಗೆ ಸಹಜವಾದ ತೆಲುಗಿನಲ್ಲೋ ನಾಲ್ಕು ಮಾತಾಡಿ, ಅವರ ಹಳೆಯ ಕೆಲಸವನ್ನು ಗೌರವದಿಂದ ನೋಡುವವನಿಗೆ ಮಸೂರದ ಜೊತೆಗೆ ಅದನ್ನು ಬಳಸುವ ವಿದ್ಯೆಯೂ ಲಭಿಸೀತು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳಿಲ್ಲ. ಸ್ಟುಡಿಯೋದವರಿಗೆ ಬಿಡುವಿರುವುದೂ, ಹಳತನ್ನು ಕೊಟ್ಟು ಹೊಸತನ್ನು ಕೊಳ್ಳುವ ಆಲೋಚನೆ ನಡೆಯುವುದೂ ಆಗಲೇ. ವಿಚಾರಿಸಹೋಗಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹಳೆಯ ಮಸೂರವು ನಮ್ಮ ಕ್ಯಾಮೆರಾಕ್ಕೆ ಕೂಡುವುದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮಸೂರದ ಬುಡಕ್ಕೂ ಸಂವೇದಕಕ್ಕೂ ನಡುವಿನ ದೂರ ಒಂದೊಂದು ಜಾತಿಯ ಕ್ಯಾಮೆರಾಕ್ಕೆ ಒಂದೊಂದು ಅಳತೆಯದು: ಜೆನಿತ್ ಮೊದಲಾದವುಗಳ 42 ಮಿ.ಮೀ. ತಿರುಪಿನ ಎಂ 42 ಜಾತಿಗೆ 45.46 ಮಿ.ಮೀ., ನಿಕಾನಿಗೆ 46.5, ಕ್ಯಾನನ್ ಇಎಫ್‌ಗೆ 44. ಎಂ 42 ಮಸೂರವನ್ನು ಕ್ಯಾನನ್‌ಗೆ ತೆಳು ಉಂಗುರದಿಂದ ಕೂಡಿಸಿದರೆ ದೂರದ ಬೆಟ್ಟವೂ ಫೋಕಸಿಗೆ ಬರುತ್ತದೆ. ನಿಕಾನಿಗೆ ಕೂಡಿಸಿದರೆ ಮಸೂರ ಅಗತ್ಯಕ್ಕಿಂತ ಮುಂದಾಗಿ ನಿಲ್ಲುವುದರಿಂದ ಬೆಟ್ಟ ಮಸುಕಾಗುತ್ತದೆ. ಸಾಧಾರಣ ಛಾಯಾಗ್ರಾಹಕರು ಈ ದೋಷಕ್ಕಾಗಿಯೇ ಅಂತಹ ಜೋಡಣೆಯನ್ನು ತಿರಸ್ಕರಿಸುತ್ತಾರೆ, ಬೆಲೆಯೂ ಅದರಿಂದ ಇಳಿದಿರುತ್ತದೆ. ಅಂತರಗಂಗೆಯ ಬೆಟ್ಟವನ್ನಲ್ಲ, ಅದರ ಬಂಡೆಗೆ ಅಂಟಿದ ಜೇಡವನ್ನು ಹಿಡಿಯಹೊರಟವನಿಗೆ ಆ ದೋಷದಿಂದ ಯಾವ ನಷ್ಟವೂ ಇಲ್ಲ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಈ ದೂರ ಬಹಳ ಕಡಮೆ, ಸೋನಿಯ ಇ ಜಾತಿಯಲ್ಲಿ 18 ಮಿ.ಮೀ.; ಆದ್ದರಿಂದ ತಕ್ಕ ಅಡಾಪ್ಟರ್ ಹಾಕಿದರೆ ಹೆಚ್ಚುಕಡಿಮೆ ಯಾವ ಹಳೆಯ ಮಸೂರವೂ ಅವಕ್ಕೆ ಒಗ್ಗುತ್ತದೆ.

ಸ್ವಲ್ಪ ಹೆಚ್ಚು ಹಣ ಕೂಡಿಸಬಲ್ಲವರು ಹಳೆಯ ನಿಜ ಮ್ಯಾಕ್ರೋ ಮಸೂರವನ್ನೇ ಹುಡುಕಬಹುದು. 1960ರ ದಶಕದಿಂದ ಬಂದ ಮೈಕ್ರೋ-ನಿಕ್ಕಾರ್ 55 ಮಿ.ಮೀ. ಎಫ್ 3.5, ಅನಂತರದ ಎಫ್ 2.8, ಇವೆರಡೂ ತಾವಾಗಿಯೇ 1:2ರವರೆಗೆ ಹೋಗುತ್ತವೆ. ಪಿಕೆ-13 ಎಂಬ 27.5 ಮಿ.ಮೀ. ಉಂಗುರ ಸೇರಿಸಿದರೆ 1:1. ಎಫ್ 2.8ರಲ್ಲಿ ದ್ಯುತಿರಂಧ್ರದ ಅಲಗುಗಳಿಗೆ ಎಣ್ಣೆ ಹರಿದು ಅವು ನಿಧಾನವಾಗಿ ಮುಚ್ಚುವ ರೋಗ ಲೋಕಪ್ರಸಿದ್ಧ. ತಿರುವಿ ನೋಡದೆ ಕೊಳ್ಳಬಾರದು. 1977ಕ್ಕೆ ಹಿಂದಿನ, ಮಾರ್ಪಾಡಾಗದ ನಿಕಾನ್ ಮಸೂರಗಳು ಅದೇ ಕಂಪನಿಯ ಕೆಲವು ಕ್ಯಾಮೆರಾಗಳ ಅಂಚಿನ ಸನ್ನೆಯನ್ನು ಮುರಿಯಬಲ್ಲವಾದ್ದರಿಂದ ಬಲವಂತವಾಗಿ ತಿರುಗಿಸಬಾರದು. 1979ರಲ್ಲಿ ಬಂದ ಟ್ಯಾಮ್ರಾನ್ 90 ಮಿ.ಮೀ. ಎಫ್ 2.5 ಇನ್ನೊಂದು ಸ್ಮರಣೀಯ ಕೃತಿ. ಅದರ ಬುಡವನ್ನೇ ಬದಲಾಯಿಸಿ ಬೇರೆ ಬೇರೆ ಕ್ಯಾಮೆರಾಗಳಿಗೆ ಕೂಡಿಸುವ ಏರ್ಪಾಡಿದೆ. ಊಜಿ ನೊಣದಂತಹ ಚುರುಕು ಜೀವಕ್ಕೆ 50ಕ್ಕಿಂತ 90 ಅಥವಾ 100 ಮಿ.ಮೀ. ಒಳ್ಳೆಯದು, ಏಕೆಂದರೆ ಅಷ್ಟೇ ಹಿಗ್ಗುವಿಕೆಯನ್ನು ಹೆಚ್ಚು ದೂರದಿಂದ ಪಡೆಯಬಹುದು.

ಮದುವೆಯ ಛಾಯಾಗ್ರಾಹಕರು ಮಾರುವ ಮಾಲಿನಲ್ಲಿ ಹೆಚ್ಚಾಗಿ ಕಾಣುವ 55-200 ಅಥವಾ 55-250 ಮಿ.ಮೀ. ಟೆಲಿ ಝೂಮ್ ಈಗಾಗಲೇ ಕೈಯಲ್ಲಿದ್ದರೆ ಬೇರೊಂದು ದಾರಿಯುಂಟು. ರೇನಾಕ್ಸ್ ಡಿಸಿಆರ್-250 ಎಂಬ, 8 ಡಯಾಪ್ಟರ್ ಶಕ್ತಿಯ ಪುಟ್ಟ ಮಸೂರವನ್ನು ಅದರ ಮೂತಿಗೆ ಸಿಕ್ಕಿಸಿದರೆ, ಹುಳುವಿನಿಂದ ಸುಮಾರು 125 ಮಿ.ಮೀ. ದೂರದಲ್ಲಿ ಫೋಕಸ್ ದೊರಕುತ್ತದೆ. ಝೂಮನ್ನು 125ಕ್ಕೆ ನಿಲ್ಲಿಸಿದರೆ 1:1, 250ಕ್ಕೆ ಒಯ್ದರೆ ಎರಡರಷ್ಟು. ಬೀದಿಬದಿಯಲ್ಲಿ ದೊರಕುವ ಒಂಟಿ ಗಾಜಿನ ಕ್ಲೋಸ್-ಅಪ್ ಫಿಲ್ಟರುಗಳಿಗೆ ಇದರೊಡನೆ ಹೋಲಿಕೆಯೇ ಸಲ್ಲದು. ಅವು ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವನ್ನು ಬಿಡಿಸಿ ಚಿತ್ರವನ್ನು ಕೆಡಿಸುತ್ತವೆ. ಇನ್ನೂ ಮುಂದೆ, ರೇಷ್ಮೆ ಮೊಟ್ಟೆಯ ಮೈಯ ರಚನೆಯನ್ನೇ ಕಾಣುವ ಹಂಬಲವುಳ್ಳವರು, ವೈಜ್ಞಾನಿಕ ಉಪಕರಣಗಳಿಗೆ ಹೆಸರಾದ ಹರಿಯಾಣದ ಅಂಬಾಲದಿಂದ ಶಾಲೆ ಕಾಲೇಜುಗಳಿಗೆ ಬರುವ ಸೂಕ್ಷ್ಮದರ್ಶಕಗಳ ನಾಲ್ಕರಷ್ಟು ಹಿಗ್ಗಿಸುವ ಆಬ್ಜೆಕ್ಟಿವನ್ನು ಬೆಲ್ಲೋಸಿಗೆ ಕೂಡಿಸಿ ಪ್ರಯತ್ನಿಸಬಹುದು. ಅದು ತಾಳ್ಮೆಯ ಪರೀಕ್ಷೆ. ಮೊದಲ ವರ್ಷದವರಿಗೆ ಹೇಳತಕ್ಕ ಮಾತಲ್ಲ.

ಇನ್ನು ಮಾಲನ್ನು ಪರೀಕ್ಷಿಸುವ ಕ್ರಮ. ಮಸೂರದ ದ್ಯುತಿರಂಧ್ರವನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಬೇಕು. ಜೇಡರಬಲೆಯ ಎಳೆಗಳಂತೆ ಹರಡಿದ್ದರೆ ಅದು ಫಂಗಸ್. ಹಾಲು ಚೆಲ್ಲಿದಂತಹ ಮಸುಕಿದ್ದರೆ ಗಾಜಿನ ಮೇಲೆ ಆವಿ ಕಟ್ಟಿದೆಯೆಂದು ತಿಳಿಯಬೇಕು. ಅಂಚಿನಲ್ಲಿ ಎಣ್ಣೆಯ ಬಣ್ಣಗಳು ತೇಲಿದಂತಿದ್ದರೆ ಅಂಟಿಸಿದ ಗಾಜುಗಳು ಬಿಟ್ಟುಕೊಂಡಿವೆ, ಅದಕ್ಕೆ ಸುಲಭವಾದ ಚಿಕಿತ್ಸೆಯಿಲ್ಲ. ಬಿಡಿ ಧೂಳಿನ ಕಣಗಳಿಗೂ ಮುಂದಿನ ಗಾಜಿನ ಒಂದೆರಡು ಸಣ್ಣ ಗೀರುಗಳಿಗೂ ಹೆದರಬೇಕಾಗಿಲ್ಲ. ಹೆದರದವನಿಗೆ ಬೆಲೆಯಲ್ಲಿ ರಿಯಾಯಿತಿ ಸಿಗುತ್ತದೆ. ಕರಾವಳಿಯಿಂದ, ಮಲೆನಾಡಿನಿಂದ ಬಂದ ಮಸೂರಗಳಲ್ಲಿ ಫಂಗಸ್ಸಿನ ಭಯ ಹೆಚ್ಚು. ನಮ್ಮದು ಒಣಹವೆಯ ಸೀಮೆಯಾದ್ದರಿಂದ ಇಲ್ಲಿಯೇ ಬಾಳಿದ ಮಸೂರ ಎಷ್ಟೋ ವೇಳೆ ನಿರ್ಮಲವಾಗಿರುತ್ತದೆ, ಆದರೆ ಫೋಕಸ್ ಸುತ್ತಿನಲ್ಲಿ ಧೂಳು ಸೇರಿ ಕರಕರ ಎನ್ನುವುದುಂಟು; ಆ ಸುತ್ತು ಮೊದಲಿನಿಂದ ಕೊನೆಯವರೆಗೆ ಒಂದೇ ಬಿಗಿಯಲ್ಲಿ ತಿರುಗಬೇಕು. ಕೊನೆಗೆ, ಅಂದಿನ ದಿನಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಅಂಟಿಸಿ, ಎದುರು ನಿಂತು ಚಿತ್ರ ತೆಗೆದು, ನಾಲ್ಕು ಮೂಲೆಯ ಅಕ್ಷರಗಳೂ ಸಮನಾಗಿ ಓದಲು ಬರುತ್ತವೆಯೇ ಎಂದು ನೋಡಿದರೆ, ಮಾರುವವನ ಮಾತಿಗಿಂತ ಅದು ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷ್ಯ.

ಕ್ಯಾಮೆರಾದ ವಿಷಯದಲ್ಲಿ ಹೆಚ್ಚು ಚಿಂತೆ ಬೇಡ. ಹಳೆಯ ಸಾದಾ ಡಿಎಸ್‌ಎಲ್‌ಆರ್ ಸಾಕು, ಆದರೆ ಹಿಂದಿನ ಪರದೆಯಲ್ಲಿ ಬಿಂಬವನ್ನು ನೇರವಾಗಿ ತೋರಿಸುವ ಲೈವ್ ವ್ಯೂ ಇರಲೇಬೇಕು. ಸೂಕ್ಷ್ಮವಾದ ಫೋಕಸನ್ನು ಹಿಗ್ಗಿಸಿ ನೋಡಲು ಅದೊಂದೇ ದಾರಿ. ಕ್ಯಾನನ್ 450ಡಿ, ನಿಕಾನ್ ಡಿ 5000 ಮೊದಲಾದವುಗಳಲ್ಲಿ ಅದಿದೆ. ನಿಕಾನ್ ಡಿ 3000ದಲ್ಲಿ ಇಲ್ಲ. ಎಷ್ಟು ಸಾವಿರ ಚಿತ್ರ ತೆಗೆದಿದೆಯೆಂಬ ಷಟರ್ ಎಣಿಕೆಯನ್ನು ಕೇಳಿ ತಿಳಿಯಬೇಕು. ಮದುವೆಮನೆಯಲ್ಲಿ ದುಡಿದ ಕ್ಯಾಮೆರಾ ವರ್ಷಕ್ಕೆ ಹತ್ತಾರು ಸಾವಿರ ಚಿತ್ರಗಳನ್ನು ತೆಗೆದಿರುವುದು ಸಾಮಾನ್ಯ. ಎಫ್ 22ಕ್ಕೆ ಮುಚ್ಚಿ ಬಿಳಿಯ ಆಕಾಶವನ್ನು ತೆಗೆದರೆ ಸಂವೇದಕದ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಗಳಾಗಿ ತೋರುತ್ತದೆ.

ನಿಜವಾಗಿ ಚಿಂತಿಸಬೇಕಾದುದು ಬೆಳಕಿನ ವಿಷಯವನ್ನು, ಹೊಸಬರು ಎಡವುವುದೂ ಅಲ್ಲಿಯೇ. ಮಸೂರವನ್ನು ಸಂವೇದಕದಿಂದ ದೂರ ಸರಿಸಿದಷ್ಟೂ ಬೆಳಕು ಹರಡಿ ಕ್ಷೀಣಿಸುತ್ತದೆ. 1:1ರಲ್ಲಿ ಎಫ್ 8 ಎಂದು ಗುರುತಿದ್ದುದು ಎಫ್ 16ರಷ್ಟೇ ಬೆಳಕು ಕೊಡುತ್ತದೆ, ಎಂದರೆ ನಾಲ್ಕರಲ್ಲೊಂದು ಪಾಲು. ಅತ್ತ, ಸ್ಫುಟವಾಗಿ ಕಾಣುವ ಪದರದ ದಪ್ಪ ಅದೇ ಅಳತೆಯಲ್ಲಿ ಒಂದು ಮಿಲಿಮೀಟರಿನ ಆಸುಪಾಸಷ್ಟೆ. ಆ ಪದರವನ್ನು ಹೆಚ್ಚಿಸಲು ರಂಧ್ರವನ್ನು ಇನ್ನೂ ಮುಚ್ಚಿದರೆ ಬೆಳಕು ಇನ್ನೂ ಇಳಿಯುತ್ತದೆ, ಹೆಚ್ಚು ಮುಚ್ಚಿದರೆ ವಿವರ್ತನೆಯಿಂದ ಚಿತ್ರವೆಲ್ಲ ಮೃದುವಾಗುತ್ತದೆ. ಈ ಇಕ್ಕಟ್ಟಿನಿಂದ ಪಾರುಮಾಡುವುದು ಫ್ಲ್ಯಾಶ್ ಒಂದೇ. ಅದನ್ನು ಕಡಮೆ ಶಕ್ತಿಯಲ್ಲಿ ಉರಿಸಿದರೆ ಬೆಳಕು ಸೆಕೆಂಡಿನ ಹಲವು ಸಾವಿರದ ಒಂದು ಪಾಲಿನಷ್ಟು ಹೊತ್ತು ಮಾತ್ರ ಬೆಳಗಿ, ತೋಪಿನ ಗಾಳಿಗೆ ತೂಗುವ ಹೂಗೊಂಚಲನ್ನೂ ನಮ್ಮ ಕೈನಡುಕವನ್ನೂ ಸ್ತಬ್ಧಗೊಳಿಸುತ್ತದೆ. ಐದು ಸಾವಿರ ರೂಪಾಯಿ ಕೈಯಲ್ಲಿದ್ದರೆ ಹೆಚ್ಚು ಪಾಲನ್ನು ಫ್ಲ್ಯಾಶಿಗೂ ಉಳಿದುದನ್ನು ಹಳೆಯ 50ಕ್ಕೂ ಉಂಗುರಕ್ಕೂ ಹಾಕಿರೆಂದು ನಾನು ಸಲಹೆ ಕೊಡುವೆನು. ಇದಕ್ಕೆ ವ್ಯತಿರಿಕ್ತವಾಗಿ ನಡೆದು ಒಳ್ಳೆಯ ಮಸೂರವನ್ನು ಕತ್ತಲೆಯಲ್ಲಿ ಹಿಡಿದು ನಿಂತವರು ಬಹಳ. ಶಕ್ತಿಯನ್ನು ಕೈಯಿಂದ ಹೊಂದಿಸಬಹುದಾದ ಗೋಡಾಕ್ಸ್, ಯೋಂಗ್‌ನುವೋ ಮೊದಲಾದವು ಹಳೆಯ ಮಾಲಿನಲ್ಲಿ ಸಿಗುತ್ತವೆ. ಅದರ ಮುಂದೆ ಬಟರ್ ಪೇಪರನ್ನೋ ತೆಳು ಥರ್ಮಾಕೋಲ್ ಹಾಳೆಯನ್ನೋ ಬಾಗಿಸಿ ಕಟ್ಟಿ, ಬೆಳಕನ್ನು ಹುಳುವಿನ ಹತ್ತಿರಕ್ಕೆ ವಿಶಾಲವಾಗಿ ತಂದರೆ, ಜೀರುಂಡೆಯ ಹೊಳೆಯುವ ಬೆನ್ನು ಬಿಳಿಚದೆ ತನ್ನ ಬಣ್ಣದಲ್ಲಿಯೇ ಬರುತ್ತದೆ.

ಸ್ಟುಡಿಯೋದ ಅಟ್ಟದಿಂದ ಬಂದ ತೀರ ಹಳೆಯ ಫ್ಲ್ಯಾಶನ್ನು ಮಾತ್ರ ಪರೀಕ್ಷಿಸದೆ ಡಿಜಿಟಲ್ ಕ್ಯಾಮೆರಾದ ತಲೆಗೆ ಏರಿಸಬಾರದು. ಅವುಗಳಲ್ಲಿ ಕೆಲವಕ್ಕೆ ಕಿಡಿಯ ಸಂಪರ್ಕದಲ್ಲಿ ಇನ್ನೂರಕ್ಕೂ ಮೀರಿದ ವೋಲ್ಟ್ ಒತ್ತಡವಿದ್ದು, ಅದು ಕ್ಯಾಮೆರಾದ ಸೂಕ್ಷ್ಮ ಸರಣಿಯನ್ನು ಸುಟ್ಟುಬಿಡಬಲ್ಲುದು. ಊರಿನ ರೇಡಿಯೋ, ಮಿಕ್ಸಿ ರಿಪೇರಿಯವರ ಬಳಿ ಮಲ್ಟಿಮೀಟರ್ ಇರುತ್ತದೆ. ಅಳೆಯಲು ಒಂದು ನಿಮಿಷ ಸಾಕು.

ಊರಿನಲ್ಲಿ ದೊರಕದಿದ್ದುದಕ್ಕೆ ಬೆಂಗಳೂರಿದೆ. ಕೋಲಾರ ಅಲ್ಲಿಂದ ಎಪ್ಪತ್ತು ಕಿಲೋಮೀಟರಿನ ಒಳಗೆ, ಮಾಲೂರು ಚೆನ್ನೈ ಕಡೆಯ ರೈಲುದಾರಿಯ ಮೇಲೆ. ಬಿಡಿಭಾಗ, ತಂತಿ, ಬ್ಯಾಟರಿಗಳಿಗೆ ಸಾದರ ಪತ್ರಪ್ಪ ರಸ್ತೆಯನ್ನು ಬಿಟ್ಟರೆ ಬೇರೆ ಜಾಗವೇ ಬೇಡ. 1971ರಲ್ಲಿ ಆರಂಭವಾದ ಅಲ್ಲಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಘಗಳ ಸದಸ್ಯರ ಪರಿಚಯವಾದರೆ, ಹೊಸದಕ್ಕೆ ಏರಿದವರ ಹಳೆಯ ಮಸೂರ ಜೋಪಾನವಾಗಿ ಇಟ್ಟ ಸ್ಥಿತಿಯಲ್ಲಿ ಕೈಗೆ ಬಂದೀತು. ಓಎಲ್‌ಎಕ್ಸ್ ಮುಂತಾದ ಕಡೆ ನೋಡಿ ಕೊಳ್ಳುವವರು ಮಾಲನ್ನು ಕಣ್ಣಾರೆ ಕಂಡು, ಕೈಯಾರೆ ತಿರುಗಿಸಿ, ಆಮೇಲೆ ಹಣ ಕೊಡುವ ನಿಯಮವನ್ನು ಮುರಿಯಬಾರದು. ಮುಂಗಡ ಕಳಿಸಿರೆಂದು ಅವಸರಪಡಿಸುವವನು ಯಾರೇ ಆಗಲಿ, ಎಷ್ಟೇ ಅಗ್ಗವಾಗಲಿ, ಆ ವ್ಯವಹಾರವನ್ನು ಅಲ್ಲಿಗೇ ಬಿಡತಕ್ಕದ್ದು.

ಉಪಕರಣ ಕೈಗೆ ಬಂದ ಮೇಲೆ ಹುಳುಮನೆಗೆ ಹೋಗಲು ಆತುರಪಡಬಾರದೆಂದು ಒಂದು ಮಾತನ್ನು ಸೇರಿಸುವುದು ನನ್ನ ಕರ್ತವ್ಯ. ರೇಷ್ಮೆ ಸಾಕುವ ಮನೆಗೆ ಹೊರಗಿನವರ ಕಾಲಿನೊಡನೆ ರೋಗವೂ ಬರುತ್ತದೆ. ಅದಕ್ಕಾಗಿಯೇ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿಗಳನ್ನೂ, ಊಜಿಯನ್ನು ತಡೆಯಲು ಕಿಟಕಿಗಳಲ್ಲಿ ನೈಲಾನ್ ಪರದೆಯನ್ನೂ ಇಟ್ಟಿರುತ್ತಾರೆ. ಮನೆಯವರ ಅಪ್ಪಣೆ ಪಡೆದು, ಅವರು ಹೇಳಿದಂತೆ ಕೈಕಾಲು ತೊಳೆದು ಒಳಹೋಗಬೇಕು, ಚಾಕಿ, ಎಂದರೆ ಎಳೆಯ ಹುಳುವಿನ ಹಂತದಲ್ಲಿ ಹೋಗದಿರುವುದೇ ಒಳ್ಳೆಯದು. ಹೊಲದಲ್ಲಿಯಾದರೂ ಚಿತ್ರಕ್ಕಾಗಿ ಜೀವಿಯನ್ನು ಫ್ರಿಜ್ಜಿನಲ್ಲಿ ಚಳಿಗಟ್ಟಿಸುವುದು, ಅಂಟಿನಿಂದ ನಿಲ್ಲಿಸುವುದು ನೀಚ ಕೃತ್ಯ. ಬೆಳಗಿನ ತಂಪಿನಲ್ಲಿ ಇಬ್ಬನಿಗೆ ಜಡವಾಗಿ ಕುಳಿತ ಕೊಡತಿ ಕೀಟವನ್ನು ಹುಡುಕುವ ಶ್ರಮವನ್ನು ಪಡಬೇಕು. ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ಹರಿಯುತ್ತಿರುವುದರಿಂದ, ಬಹುಕಾಲ ಬತ್ತಿದ್ದ ಎಷ್ಟೋ ಕೆರೆಯಂಗಳಗಳಲ್ಲಿ ಈಗ ನೀರು ನಿಂತಿದೆ. ಆ ಅಂಚುಗಳ ಜೊಂಡಿನಲ್ಲಿ ಹುಡುಕಾಟಕ್ಕೆ ಒಳ್ಳೆಯ ಅವಕಾಶವುಂಟು.

ಮೊದಲ ಅಭ್ಯಾಸಕ್ಕೆ ಇರುವೆ, ಜೇಡ, ಟೊಮ್ಯಾಟೊ ಎಲೆಯ ಮೇಲೆ ರಂಗೋಲಿ ಹುಳು ಕೊರೆದ ಬಿಳಿಯ ಹಾದಿ, ಇವು ಸಾಕು. ಹಾದಿ ಓಡುವುದಿಲ್ಲವಾದ್ದರಿಂದ ಫೋಕಸ್ ಕಲಿಯಲು ಅದು ಉತ್ತಮವಾದ ಪಾಠ. ಧನುರ್ಮಾಸದ ಬಿಡುವಿನಲ್ಲಿ ಸ್ಟುಡಿಯೋದಿಂದ ಮಸೂರವನ್ನು ತಂದವನಿಗೆ, ಸಂಕ್ರಾಂತಿಯ ಆಸುಪಾಸಿನಲ್ಲಿ ಶ್ರೀನಿವಾಸಪುರದ ತೋಪುಗಳು ಹೂವಿಗೆ ತಿರುಗುವ ಹೊತ್ತಿಗೆ, ಕೈ ಒಂದಿಷ್ಟು ಪಳಗಿರುತ್ತದೆ. ಜಿಗಿಹುಳುಗಳು ಹೂಗೊಂಚಲಿಗೆ ಏರುವುದೂ ಆಗಲೇ. ತೋಟದವರನ್ನು ಕೇಳಿ, ಔಷಧಿ ಹೊಡೆಯದ ದಿನ ನೋಡಿಕೊಂಡು ಹೋದರೆ, ತೆಗೆದ ಚಿತ್ರಗಳನ್ನು ಅಲ್ಲಿಯೇ ಕ್ಯಾಮೆರಾದ ಪರದೆಯಲ್ಲಿ ಅವರಿಗೆ ತೋರಿಸಬಹುದು. ಹುಳು ಯಾವುದು, ಮರಿ ಯಾವುದು, ಮೊಟ್ಟೆಯನ್ನು ಎಲ್ಲಿ ಇಟ್ಟಿದೆ ಎಂಬುದನ್ನು ಗುರುತಿಸಿ ಕೊಡುವ ಅಂತಹ ಚಿತ್ರಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿಯೂ ಕೋಲಾರದ ಟಮಕದ ತೋಟಗಾರಿಕೆ ಕಾಲೇಜಿನಲ್ಲಿಯೂ ಉಪಯೋಗವಿದೆ.